ಬೆಲ್ಲದ ಬಣ್ಣದ ಕೂದಲು

೧ ಅಕ್ಟೋಬರ್ ೧೯೬೨, ಸೋಮವಾರ

ತಮ್ಮ ಜಯರಾಮ ನಿನ್ನೆ ರೈಲು ಹತ್ತಿದ. ಇನ್ನೂ ಹದಿನೆಂಟು ದಿನ ರಜ ಇತ್ತು. ತಂತಿ ಬಂತು, ಹೊರಟೇಬಿಟ್ಟ. ಮಿಲಿಟರಿಯವರು ಯಾಕೆ ಅಂತ ಕೇಳೋ ಹಾಗಿಲ್ಲವಂತೆ. ಹೋಗೋನು ಸುಮ್ಮನೆ ಹೋದನೆ? ಜಬಲ್ಪುರದಿಂದ ಜೊತೆಗೆ ತಂದಿದ್ದ ನಾಯಿಯನ್ನ ನನ್ನ ಕೊರಳಿಗೆ ಕಟ್ಟಿ ಹೋದ.

ಬೇರೆಯವರ ಮುಂದೆ ಹೇಳೋಕಾಗಲ್ಲ, ಇಲ್ಲಾದರೂ ನಿಜ ಬರೀತೀನಿ. ನನಗೆ ನಾಯಿ ಅಂದರೆ ಪ್ರಾಣಭಯ. ಮೂವತ್ತೊಂಬತ್ತು ವರ್ಷದ ಗಂಡಸು, ಗುಬ್ಬಿ ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ನಕಲು ಗುಮಾಸ್ತ. ತುಮಕೂರಿಂದ ದಿನಾ ರೈಲಲ್ಲಿ ಹೋಗಿ ಬರ್ತೀನಿ. ಮಳೆ ಇರಲಿ ಬಿಡಲಿ ಕೈಯಲ್ಲಿ ಛತ್ರಿ ಇರೋದು ಬೀದಿನಾಯಿಗಳ ಸಲುವಾಗಿ. ಹನ್ನೆರಡು ವರ್ಷದ ಹಿಂದೆ ಕೋರ ಅನ್ನೋ ಹಳ್ಳಿಗೆ ಹೆಣ್ಣು ನೋಡೋಕೆ ಹೋದಾಗ ಅವರ ಮನೆ ನಾಯಿ ಬೊಗಳಿತು ಅಂತ ಹೊಸಲು ಕೂಡ ತುಳಿಯದೆ ವಾಪಸ್ ಬಂದೆ. ಆಮೇಲೆ ಯಾರೂ ನನಗೆ ಹೆಣ್ಣು ತೋರಿಸಲಿಲ್ಲ.

ನಾಯಿಯ ಹೆಸರು ರೋಜಿ. ಹೆಣ್ಣು. ಗಿಡ್ಡ ಕೂದಲು, ಬೆಲ್ಲದ ಬಣ್ಣ. ಮೈ ಎಣ್ಣೆ ಒರೆಸಿದ ಹಾಗೆ ಮಿಂಚುತ್ತೆ. ರೈಲಿನ ಕಿಟಕಿಯಿಂದ ಜಯರಾಮ ನಗ್ತಾ ಹೇಳಿದ, "ಅಣ್ಣಯ್ಯ, ಇವಳ ಮೈ ನೋಡ್ಕೋ. ದಿನಾ ಬ್ರಷ್ ಹಾಕು. ಇವಳ ಮೈ ಮಿಂಚ್ತಿರೋವರ್ಗೂ ನನಗೇನೂ ಆಗಲ್ಲ, ತಿಳ್ಕೋ."

ಅಮ್ಮ ಪಕ್ಕದಲ್ಲೇ ನಿಂತಿದ್ದಳು. "ಬಾಯಿಗೆ ಬಂದಿದ್ದು ಆಡ್ಬೇಡ ಕಣೋ, ಅಸ್ತು ದೇವತೆಗಳು ಓಡಾಡ್ತಿರ್ತಾರೆ" ಅಂತ ಬೈದಳು. ಆಡಿದ ಮಾತಿಗೆ ಅವರು ಅಸ್ತು ಅಂದುಬಿಟ್ಟರೆ ಹಾಗೇ ಆಗಿಬಿಡುತ್ತೆ ಅನ್ನೋದು ಅವಳ ನಂಬಿಕೆ. ಅವನು ನಗ್ತಾನೇ ಹೋದ.

೪ ಅಕ್ಟೋಬರ್, ಗುರುವಾರ

ಜಗಲಿ ಕಂಬಕ್ಕೆ ಕಟ್ಟಿದೀನಿ. ತಟ್ಟೆಗೆ ಅನ್ನ ಸಾರು ಹಾಕಿ ಛತ್ರಿ ತುದಿಯಿಂದ ತಳ್ಳಿದೆ. ತಿನ್ನೋಕೆ ಮುಂಚೆ ನನ್ನ ಮುಖ ನೋಡ್ತು. ಯಾಕೆ ನೋಡಬೇಕು?

೧೩ ಅಕ್ಟೋಬರ್, ಶನಿವಾರ

ಬಿಳೀ ಪಂಚೆ ಮೇಲೆ ಹತ್ತು ಹದಿನೈದು ಕೂದಲು. ಸೂಜಿ ಹಾಗೆ ಬಟ್ಟೆಗೆ ನಾಟಿಕೊಂಡಿವೆ. ನಾನು ಅದರ ಹತ್ತಿರವೇ ಹೋಗಲ್ಲ, ನನ್ನ ಪಂಚೆಗೆ ಹೇಗೆ ಬಂತು? ಜಗಲಿಗೆ ಹೋಗಿ ನೋಡಿದರೆ ಅದು ಮಲಗೋ ಗೋಣಿಚೀಲದ ಮೇಲೆ ಇನ್ನೂ ಇದೆ. ಜಯರಾಮನ ಮಾತು ನೆನಪಾಯಿತು.

ಬ್ರಷ್ಷನ್ನ ಜೇಡರಬಲೆ ತೆಗೆಯೋ ಗಳುವಿನ ತುದಿಗೆ ಕಟ್ಟಿ, ಬಾಗಿಲ ಒಳಗೆ ನಿಂತುಕೊಂಡು ಉಜ್ಜಿದೆ. ಎರಡು ಸಲ ಕಿವಿಗೆ ತಗುಲಿತು, ಒಂದು ಸಲ ಮೂಗಿಗೆ. ಏನೂ ಮಾಡಲಿಲ್ಲ. ಈ ಸುಮ್ಮನಿರೋ ನಾಯಿಗಳನ್ನ ನಂಬಬಾರದು. ಎದುರು ಮನೆ ಹೊಂಬಾಳಮ್ಮ ನೋಡಿ, "ಏನ್ ವೆಂಕಟೇಶಯ್ಯ, ನಾಯಿಗೆ ಸುಣ್ಣ ಹೊಡೀತಿದೀರಾ?" ಅಂದರು. ಬೀದಿಯೆಲ್ಲ ನಕ್ಕಿತು.

೨೧ ಅಕ್ಟೋಬರ್, ಭಾನುವಾರ

ವಾಚನಾಲಯದ ರೇಡಿಯೋ ಮುಂದೆ ಕಾಲಿಡೋಕೆ ಜಾಗವಿಲ್ಲ. ನಿನ್ನೆ ಬೆಳಗ್ಗೆಯಿಂದ ಗಡಿಯಲ್ಲಿ ಯುದ್ಧ. ಚೀನಾದವರು ಬೆಟ್ಟ ಇಳಿದು ಬರ್ತಿದಾರಂತೆ. ಜಯರಾಮ ಎಲ್ಲಿದಾನೋ ಗೊತ್ತಿಲ್ಲ. ಅವನ ವಿಳಾಸ ಅಂದರೆ ಬರೀ ನಂಬರು. ಅವನ ಹಾಗೆ ವೈರ್‌ಲೆಸ್ ಕೆಲಸದವರು ಹಿಂದುಗಡೆ ಇರ್ತಾರೆ, ಮುಂದಕ್ಕೆ ಕಳಿಸಲ್ಲ ಅಂತ ಪಕ್ಕದಲ್ಲಿದ್ದ ಯಾರೋ ಅಂದರು. ಅವರಿಗೇನು ಗೊತ್ತು.

ಮನೆಗೆ ಬಂದವನು ಅಮ್ಮನಿಗೂ ಹೇಳದೆ ನೆಟ್ಟಗೆ ಹೋಗಿ ಗೋಣಿಚೀಲ ನೋಡಿದೆ. ಕೂದಲು ನಿನ್ನೆಗಿಂತ ಜಾಸ್ತಿ. ಥೂ, ಎಸ್ಸೆಸ್ಸೆಲ್ಸಿ ಓದಿದವನು ಮಾಡೋ ಕೆಲಸವೇ ಇದು? ಆದರೂ ನೋಡಿದೆ.

೨೭ ಅಕ್ಟೋಬರ್, ನರಕ ಚತುರ್ದಶಿ

"ಹಬ್ಬದ ದಿನ ಮನೇಲಿರೋ ಜೀವಕ್ಕೆಲ್ಲ ಎಣ್ಣೆ ನೀರು ಆಗ್ಬೇಕು ಕಣೋ. ಅದರ ಮೈಗೂ ಒಳ್ಳೇದು" ಅಂತ ಅಮ್ಮ ಅಂದಳು. ನನಗೂ ಸರಿ ಅನ್ನಿಸಿತು. ಕೂದಲು ಉದುರಿದರೆ ನಾವೂ ಎಣ್ಣೆಯನ್ನೇ ಹಚ್ಚಿಕೊಳ್ಳೋದಲ್ಲವೆ. ಹಿತ್ತಲ ಹೊಂಗೆ ಮರಕ್ಕೆ ಕಟ್ಟಿ, ದೂರದಿಂದ ಉದ್ದನೆ ಸೌಟಿನಲ್ಲಿ ಹರಳೆಣ್ಣೆ ಸುರಿದೆ. ಗಳುವಿನ ಬ್ರಷ್ಷಿನಿಂದ ಸೀಗೆಪುಡಿ ಉಜ್ಜಿದೆ. ಹಂಡೆಯ ಬಿಸಿನೀರು ಹೊಯ್ದೆ. ಅದು ಮೈ ಒದರಿತು ನೋಡಿ, ಸೀಗೆ ಎಣ್ಣೆ ಎಲ್ಲ ನನ್ನ ಮೇಲೆ! ಕಚ್ಚೋಕೆ ಬಂತು ಅಂತ ಕಿರಿಚಿಕೊಂಡು ಒಳಗೆ ಓಡಿದೆ. ಮಡಿಯಲ್ಲಿ ಕಜ್ಜಾಯ ಕರೀತಿದ್ದ ಅಮ್ಮನಿಗೆ ಹೋಗಿ ಗುದ್ದಿದೆ. ಪಾಪ, ಅಮ್ಮ ಹಬ್ಬದ ದಿನ ಎರಡು ಸಲ ತಲೆಗೆ ನೀರು ಹಾಕಿಕೊಳ್ಳೋ ಹಾಗಾಯಿತು.

ಇನ್ನು ಮೇಲೆ ಪ್ರತಿ ಶನಿವಾರ, ಬುಧವಾರ ಎಣ್ಣೆ ನೀರು ಹಾಕೋದು ಅಂತ ತೀರ್ಮಾನ.

೫ ನವೆಂಬರ್, ಸೋಮವಾರ

ಎಣ್ಣೆ ನೀರು ಮತ್ತೆರಡು ಸಲ ಆಯಿತು. ಈಗ ಹಿಡಿ ಹಿಡಿ ಉದುರ್ತಿದೆ. ಪಕ್ಕೆಯಲ್ಲಿ ಚರ್ಮ ಕಾಣ್ತಿದೆ, ಮೈಯೆಲ್ಲ ಹಿಟ್ಟು ಉದುರಿಸಿದ ಹಾಗೆ ಹೊಟ್ಟು. ಮಿಂಚು? ದೇವರೇ ಬಲ್ಲ. ರೇಡಿಯೋದಲ್ಲಿ ದಿನಾ ಒಂದೊಂದು ಠಾಣೆ ಹೋಯಿತು ಅಂತಾರೆ.

ಅಮ್ಮನ ಕಣ್ಣಿಗೆ ಬೀಳಬಾರದು. ಅವನು ಆ ಮಾತು ಆಡಿದಾಗ ಅವಳು ಅಲ್ಲೇ ಇದ್ದಳಲ್ಲ. ಅದಕ್ಕೆ ಬೆಳಗ್ಗೆ ಎದ್ದ ತಕ್ಷಣ ನಾನೇ ಜಗಲಿ ಗುಡಿಸಿ ಕೂದಲನ್ನ ಕಾಫಿಪುಡಿ ಡಬ್ಬಕ್ಕೆ ತುಂಬ್ತಿದೀನಿ. ಎಸೆಯೋಕೆ ಕೈ ಬರಲಿಲ್ಲ. ಎಸೆದರೆ ಅವನನ್ನೇ ಎಸೆದ ಹಾಗೆ ಅನ್ನಿಸುತ್ತೆ.

ಇವತ್ತು ಅವನ ಕಾಗದ ಬಂತು, ಬರೆದಿದ್ದು ಯುದ್ಧಕ್ಕೂ ಮುಂಚೆ. "ಇಲ್ಲಿ ಚಳಿ ವಿಪರೀತ. ರೋಜಿ ಮೈ ಹೇಗಿದೆ, ಬರಿ." ಅಮ್ಮನಿಗೆ ಓದಿ ಹೇಳಿದೆ. "ಏನಂತ ಬರೀತೀಯೋ?" ಅಂದಳು. "ಕನ್ನಡಿ ಹಾಗಿದೆ ಅಂತ" ಅಂದೆ. ತಲೆ ಆಡಿಸಿ ಒಳಗೆ ಹೋದಳು.

ಆಫೀಸಿನಲ್ಲಿ ತಡೆಯಲಾರದೆ ಪಕ್ಕದ ಮೇಜಿನ ರಾಮಾಂಜಿನಯ್ಯನ ಹತ್ತಿರ ಬಾಯಿಬಿಟ್ಟೆ. ಅವನು ಕುಣಿಗಲ್ಲಿನವನು. "ನಮ್ಮೂರಲ್ಲಿ ಬೆಟ್ಟಸ್ವಾಮಿ ಅಂತ ಇದಾನೆ. ಮೂವತ್ತು ವರ್ಷ ಕುದುರೆ ಫಾರಂನಲ್ಲಿ ಕುದುರೆ ಮೈ ಉಜ್ಜಿದೋನು. ಕೂದಲು ಅಂದ್ರೆ ಅವನ ಬಿಟ್ರೆ ಇಲ್ಲ. ಹೋಗಿ ಕೇಳು" ಅಂದ.

೧೧ ನವೆಂಬರ್, ಭಾನುವಾರ

ನಾಯಿಯನ್ನ ಬಸ್ಸಿಗೆ ಹತ್ತಿಸಲ್ಲ. ಹತ್ತಿಸಿದರೂ ಅದರ ಪಕ್ಕ ಕೂರೋರು ಯಾರು? ಡಬ್ಬ ಒಂದನ್ನೇ ತೊಡೆ ಮೇಲಿಟ್ಟುಕೊಂಡು ಕುಣಿಗಲ್ಲಿಗೆ ಹೋದೆ. ಕೆರೆ ಏರಿ ಪಕ್ಕ ಮನೆ. ಬೆಟ್ಟಸ್ವಾಮಿ ಮೂಲತಃ ಹುತ್ರಿದುರ್ಗದವನು, ಎಪ್ಪತ್ತು ಆಗಿದೆ, ಕೈ ಮಾತ್ರ ಹಲಗೆ ಹಲಗೆ. ಡಬ್ಬ ತೆಗೆದೆ. ಒಂದು ಚಿಟಿಕೆ ಕೂದಲು ಎತ್ತಿ ಬಿಸಿಲಿಗೆ ಹಿಡಿದ.

"ಬುಡ ನೆಟ್ಟಗೈತೆ ಸ್ವಾಮಿ, ರೋಗದ ಕೂದ್ಲಲ್ಲ. ಚರ್ಮ ಹೆಂಗೈತೆ? ಗಾಯ ಐತಾ? ನಾತ ಬತ್ತದಾ?"

"ಗೊತ್ತಿಲ್ಲ."

"ಕೈ ಆಡಿಸ್ದಾಗ ಮೈ ಬಿಸಿ ಇತ್ತಾ?"

"ನಾನು... ಮುಟ್ಟಿಲ್ಲ."

"ಎಷ್ಟು ದಿನದಿಂದ ಐತೆ ನಿಮ್ಮ ತಾವ?"

"ಆರು ವಾರ."

ಕೆಮ್ಮು ಬರೋವರೆಗೂ ನಕ್ಕ. "ಮುಟ್ದೆ ಮೈ ನೋಡ್ಕಳಾದು ಹೆಂಗೆ ಸ್ವಾಮಿ? ಲಗ್ನಪತ್ರಿಕೆ ಓದಿ ಸಂಸಾರ ಮಾಡ್ದಂಗಾಯ್ತು!"

ನಾಚಿಕೆಯಿಂದ ನೆಲ ನೋಡ್ತಾ ಎಣ್ಣೆ ನೀರಿನ ವಿಷಯ ಹೇಳಿದೆ. ಹಣೆ ಚಚ್ಚಿಕೊಂಡ. "ಸೀಗೇಕಾಯಿ ಮೈಯಾಗಿರೋ ಜಿಡ್ಡನ್ನೆಲ್ಲ ಎಳ್ದಾಕ್ತದೆ. ಚರ್ಮ ಬಿರೀದೆ ಇನ್ನೇನ್ ಮಾಡ್ತದೆ? ಎರಡು ತಿಂಗ್ಳು ನೀರು ತೋರಿಸ್ಬ್ಯಾಡಿ. ಉಪ್ಪು ಹುಳಿ ಸಾರು ನಿಲ್ಸಿ. ದಿನಾ ಒಂದು ಮೊಟ್ಟೆ ಹಾಕಿ."

"ಮೊಟ್ಟೆಯೇ?"

"ನಾನೇನ್ ನಿಮ್ಗೆ ತಿನ್ನಿ ಅಂದ್ನಾ?"

ಆಮೇಲೆ ತನ್ನ ಮನೆ ಮೇಕೆಯನ್ನ ಹಿಡಿದು ತೋರಿಸಿಕೊಟ್ಟ. ಗೋಣಿತಾಟನ್ನ ಕೈಗೆ ಸುತ್ತಿಕೊಂಡು ಕೂದಲಿಗೆ ಎದುರಾಗಿ ಒಂದು ಸಲ ಉಜ್ಜಬೇಕು, ಆಗ ಸತ್ತ ಕೂದಲು ಮೇಲೆ ಬರುತ್ತೆ. ಆಮೇಲೆ ಕೂದಲು ಹೋಗೋ ಕಡೆಗೇ ಎರಡು ಸಲ. ಹಿಂಡಿದ ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಕಡೆಗೆ ಬರೀ ಕೈ. "ಬೆರಳಲ್ಲ ಸ್ವಾಮಿ, ಅಂಗೈ. ಮಿಂಚು ಬರಾದು ಅಂಗೈಯಿಂದ. ಚಳಿಗೆ ಮುಂಚೆ ಒಂದು ಕಿತ, ಬೇಸ್ಗೇಲಿ ಒಂದು ಕಿತ ಉದುರೇ ಉದುರ್ತದೆ. ಹಳೇದು ಜಾಗ ಬುಡದೆ ಹೊಸದು ಎಲ್ಲಿಂದ ಬಂದಾತು?"

ಹೊರಡೋವಾಗ ತಮ್ಮ ಆಡಿದ ಮಾತನ್ನ ಹೇಳಿ, ಅದು ನಿಜವಾಗುತ್ತಾ ಅಂತ ಕೇಳಿಬಿಟ್ಟೆ. ಈ ಸಲ ನಗಲಿಲ್ಲ. "ನಂಗೆ ಕೂದ್ಲು ವಿಚಾರ ಗೊತ್ತು ಸ್ವಾಮಿ. ಅದು ಗೊತ್ತಿಲ್ಲ" ಅಂದ.

೧೨ ನವೆಂಬರ್, ಸೋಮವಾರ

ಮುಟ್ಟಿದೆ. ಬೆಚ್ಚಗಿತ್ತು. ಒಳಗೆ ಓಡಿಬಂದು ಕೈ ತೊಳೆದುಕೊಂಡೆ. ಮತ್ತೆ ಹೋಗಿ ಮುಟ್ಟಿದೆ, ಮತ್ತೆ ತೊಳೆದೆ. ಒಟ್ಟು ಐದು ಸಲ.

೧೬ ನವೆಂಬರ್, ಶುಕ್ರವಾರ

ಇವತ್ತು ಮೊಟ್ಟೆ ತಂದೆ. ಗುಬ್ಬಿ ಸಂತೆಬೀದಿಯಲ್ಲಿ ನರಸಮ್ಮ ಅಂತ ಮೊಟ್ಟೆ ಮಾರ್ತಾಳೆ. ಅವಳ ಮುಂದೆ ಮೂರು ಸಲ ಹಾದುಹೋಗಿ ನಾಲ್ಕನೇ ಸಲ ನಿಂತೆ. "ಔಷಧಿಗೆ" ಅಂತ ಪಿಸುಗುಟ್ಟಿದೆ. "ಔಸ್ದಿಗೆ ಆರು ಮೊಟ್ಟೆನಾ ಅಯ್ನೋರೆ? ಯಾರಿಗೆ ಹುಸಾರಿಲ್ಲ?" ಅಂತ ಬೀದಿಗೆಲ್ಲ ಕೇಳೋ ಹಾಗೆ ಕೇಳಿದಳು. ಟಿಫನ್ ಕ್ಯಾರಿಯರಿನಲ್ಲಿ ಭತ್ತದ ಹೊಟ್ಟು ಹಾಕಿ ಒಳಗಿಟ್ಟುಕೊಂಡೆ. ರೈಲಿನಲ್ಲಿ ಪಕ್ಕಕ್ಕೆ ಬಂದು ಕೂತೋರು ಯಾರು? ನಮ್ಮ ಪುರೋಹಿತರು ಸೀತಾರಾಮಯ್ಯನವರು! "ಊಟ ಉಳಿಸಿದೀಯೇನೋ, ಡಬ್ಬಿ ಭಾರ ಇದೆ" ಅಂತ ಎತ್ತಿ ನೋಡಿದರು. ತುಮಕೂರು ಬರೋವರೆಗೆ ಉಸಿರು ಬಿಟ್ಟೆನೋ ಇಲ್ಲವೋ.

ಅಮ್ಮನಿಗೆ ಕಾಣದ ಹಾಗೆ ಹಿತ್ತಲಲ್ಲಿ ತೆಂಗಿನ ಚಿಪ್ಪಿಗೆ ಒಡೆದು ಹಾಕಿದೆ. ರೋಜಿ ಚಿಪ್ಪು ಹೊಳೆಯೋ ಹಾಗೆ ನೆಕ್ಕಿ ನನ್ನ ಮೊಣಕೈಯನ್ನೂ ನೆಕ್ಕಿದಳು. ಸ್ನಾನ ಮಾಡಿ ಸಂಧ್ಯಾವಂದನೆ ಮಾಡಿದೆ.

೨೨ ನವೆಂಬರ್, ಗುರುವಾರ

ಯುದ್ಧ ನಿಂತಿತಂತೆ. ಬೀದಿಯಲ್ಲಿ ಎಲ್ಲರೂ ಒಟ್ಟಿಗೆ ಮಾತಾಡ್ತಿದಾರೆ. ಕಾಗದ ಇಲ್ಲ. ಉದುರೋದು ಕಮ್ಮಿ ಆಗಿದೆ, ಪಕ್ಕೆಯಲ್ಲಿ ಮಾತ್ರ ಹಾಗೇ ಇದೆ. ಅರ್ಧ ಗಂಟೆ ಉಜ್ಜಿದೆ.

೩ ಡಿಸೆಂಬರ್, ಸೋಮವಾರ

ತಂತಿ. ಕಾಣೆಯಾಗಿದ್ದಾರೆ.

೪ ಡಿಸೆಂಬರ್, ಮಂಗಳವಾರ

ನಿದ್ದೆ ಎಲ್ಲಿ ಬರಬೇಕು. ಇನ್ನೂ ಬೆಳಕು ಹರಿಯೋಕೆ ಮುಂಚೆ ಡಬ್ಬ ಹಿಡಿದು ಜಗಲಿಗೆ ಹೋದೆ. ಅಮ್ಮ ಅಲ್ಲಿ ಕೂತಿದ್ದಳು. ನೆಲದಿಂದ ಕೂದಲು ಒಂದೊಂದಾಗಿ ಆಯ್ದು ಹಳೇ ಪಂಚಾಂಗದ ಹಾಳೆಗೆ ಹಾಕ್ತಿದ್ದಳು. ಪಕ್ಕದಲ್ಲಿ ಅಂಥವೇ ಪೊಟ್ಟಣ ಏಳೆಂಟು.

ಅವಳು ನನ್ನ ಕೈಯಲ್ಲಿದ್ದ ಡಬ್ಬ ನೋಡಿದಳು.

"ನೀನು ನೋಡಿದ್ರೆ ಹೆದರ್ಕೊಂಡೇ ಸಾಯ್ತೀಯ ಅಂತ ನೀನು ಏಳೋಕೆ ಮುಂಚೆ ನಾನು ಆದಷ್ಟು ಗುಡಿಸಿಬಿಡ್ತಿದ್ದೆ ಕಣೋ" ಅಂದಳು.

ಅಂದರೆ ನಾನು ಇಷ್ಟು ದಿನ ಹೆದರಿದ್ದು ಅರ್ಧಕ್ಕೆ ಮಾತ್ರ! ನಗು ಬಂತೋ ಅಳು ಬಂತೋ ತಿಳೀಲಿಲ್ಲ. ಅವಳ ಪಕ್ಕ ಕೂತು ಅತ್ತುಬಿಟ್ಟೆ. "ಅಮ್ಮ, ಎಣ್ಣೆ ನೀರು ಹಾಕಿ ಉದುರಿಸಿದ್ದು ನಾನೇ. ನಾನೇ ಅವನನ್ನ..." ಅಂದೆ.

"ಎಣ್ಣೆ ಹಾಕು ಅಂದೋಳು ನಾನು. ಇಬ್ಬರೂ ಕೂತು ಅತ್ರೆ ಅದರ ಮೈ ಯಾರು ಉಜ್ಜೋರು? ಏಳು, ಗೋಣಿತಾಟು ತಾ."

ಮಡಿ ಸೀರೆಯಲ್ಲೇ ರೋಜಿಯ ತಲೆಯನ್ನ ತೊಡೆ ಮೇಲೆ ಇಟ್ಟುಕೊಂಡು ಕೂತಳು. ನಾನು ಉಜ್ಜಿದೆ.

೨೮ ಡಿಸೆಂಬರ್, ಶುಕ್ರವಾರ

ಮೈ ಮಿಂಚ್ತಿದೆ. ಪಕ್ಕೆಯಲ್ಲೂ ಹೊಸ ಕೂದಲು ಬಂದಿದೆ, ಕೈ ಆಡಿಸಿದರೆ ಜಾರುತ್ತೆ. ಹೊಂಬಾಳಮ್ಮ ಕೂಡ "ಏನು ಹಾಕ್ತೀರಿ?" ಅಂತ ಕೇಳಿದರು. ಅವರಿಗೆ ಹೇಳೋಕಾಗುತ್ತೆಯೆ?

ಆದರೆ ಸುದ್ದಿ ಇಲ್ಲ. ಉದುರ್ತಿದ್ದಾಗ ಬೆಳೆದರೆ ಸಾಕು ಅಂತಿದ್ದೆ. ಈಗ ಬೆಳೆದಿದೆ, ಅವನೆಲ್ಲಿ? ಇದು ಇನ್ನೂ ಕೆಟ್ಟ ಭಯ. ಆಗ ಮಾಡೋಕೆ ಒಂದು ಕೆಲಸವಾದರೂ ಇತ್ತು. ಇವತ್ತು ಗೋಣಿತಾಟು ಮೂಲೆಗೆ ಎಸೆದೆ. ರೋಜಿ ಅದನ್ನ ಕಚ್ಚಿಕೊಂಡು ಬಂದು ನನ್ನ ಕಾಲ ಮೇಲೆ ಹಾಕಿದಳು. ಇನ್ನೇನು ಮಾಡೋದು, ಉಜ್ಜಿದೆ.

೧೪ ಜನವರಿ ೧೯೬೩, ಸಂಕ್ರಾಂತಿ

ಛತ್ರಿಯನ್ನ ಗುಬ್ಬಿ ರೈಲಿನಲ್ಲಿ ಮರೆತು ಒಂದು ವಾರವಾಯಿತು. ಒಳ್ಳೇ ಛತ್ರಿ, ಅಪ್ಪನ ಕಾಲದ್ದು. ಸ್ಟೇಷನ್ ಹತ್ತಿರ ಒಂದು ಬಡಕಲು ನಾಯಿ, ಮೈಯೆಲ್ಲ ಕಜ್ಜಿ. ಹಿಡಿದು ಕಿವಿ ಹಿಂದೆ ನೋಡಿದೆ, ಚರ್ಮ ಕೆಂಪಾಗಿ ನಾತ ಬರ್ತಿತ್ತು. ಇದು ರೋಗದ್ದು. ಬೆಟ್ಟಸ್ವಾಮಿಯನ್ನ ಕೇಳಬೇಕು. ಇನ್ನೆರಡು ನಾಯಿ ಮನೆವರೆಗೂ ಹಿಂದೆ ಬಂದವು. ಅಮ್ಮ ಎಳ್ಳು ಬೆಲ್ಲ ಮಾಡಲಿಲ್ಲ.

೧೯ ಫೆಬ್ರವರಿ, ಮಂಗಳವಾರ

ಬದುಕಿದಾನೆ! ಬದುಕಿದಾನೆ! ರೆಡ್ ಕ್ರಾಸ್ ಕಾರ್ಡು. ಸೆರೆಯಲ್ಲಿದಾನೆ. ನಾಲ್ಕೇ ಸಾಲು, ಅಕ್ಷರ ಮಾತ್ರ ಅವನದಲ್ಲ, ಯಾರ ಕೈಲೋ ಬರೆಸಿದಾನೆ. ಯಾಕೆ? ಅವನ ಕೈಗೇನಾಯಿತು? ಅಮ್ಮ ಕಾರ್ಡನ್ನ ದೇವರ ಮುಂದಿಟ್ಟಳು. ನಾನು ಹದಿನೈದು ಸಲ ಹೋಗಿ ಆ ಅಕ್ಷರ ನೋಡಿದೆ.

೨ ಮೇ, ಗುರುವಾರ

ಬಿಡುಗಡೆಯಾಗಿದಾನಂತೆ, ಆಸ್ಪತ್ರೆಯಲ್ಲಿಟ್ಟುಕೊಂಡು ಕಳಿಸ್ತಾರಂತೆ. ಬೇಸಿಗೆ, ರೋಜಿ ಉದುರಿಸ್ತಿದಾಳೆ. ಗುಡಿಸಿ ತೆಂಗಿನ ಬುಡಕ್ಕೆ ಹಾಕಿದೆ.

೧೨ ಮೇ, ಭಾನುವಾರ

ಜಯರಾಮ ಬಂದು ಮೂರು ದಿನ. ಬಂದಿದಾನೆ ಅನ್ನೋದು ಅಷ್ಟೇ. ನಡುಮನೆ ಮೂಲೆ ಬಿಟ್ಟು ಏಳಲ್ಲ. ನಿನ್ನೆ ಅಮ್ಮನ ಕೈಯಿಂದ ತಟ್ಟೆ ಬಿದ್ದಾಗ ಗೋಡೆಗೆ ಅಂಟಿಕೊಂಡು ನಿಂತುಬಿಟ್ಟ. ಊರಿನ ನಾಯಿಗಳನ್ನೆಲ್ಲ ಹೆಗಲ ಮೇಲೆ ಹೊತ್ತುಕೊಂಡು ತಿರುಗ್ತಿದ್ದ ಹುಡುಗ! ಬಲಗೈಗೆ ಯಾವಾಗಲೂ ಟವಲ್ ಸುತ್ತಿಕೊಂಡಿರ್ತಾನೆ. ಹಿಮಕ್ಕೆ ನಾಲ್ಕು ಬೆರಳು ಹೋಗಿವೆ ಅಂತ ಆಸ್ಪತ್ರೆ ಚೀಟಿಯಲ್ಲಿದೆ. ಅಮ್ಮನಿಗೂ ತೋರಿಸಿಲ್ಲ. ರೋಜಿ ಬಾಗಿಲಲ್ಲಿ ಮಲಗಿ ಅವನನ್ನೇ ಕಾಯ್ತಾಳೆ. ಅವನು ಅವಳನ್ನ ಕರೆದೇ ಇಲ್ಲ.

ಇವತ್ತು ಬೆಳಗ್ಗೆ ತಾನಾಗೇ ಜಗಲಿಗೆ ಬಂದ. ನಾನು ಉಜ್ಜೋಕೆ ಕೂತಿದ್ದೆ. ಗೋಣಿತಾಟಿನ ಮೇಲೆ, ನೆಲದ ಮೇಲೆ, ನನ್ನ ಪಂಚೆ ಮೇಲೆ ಎಲ್ಲ ಕೂದಲು. ನೋಡಿದವನ ಮುಖ ಬಿಳಿಚಿಕೊಂಡಿತು.

"ಅಣ್ಣಯ್ಯ, ಉದುರ್ತಿದೆ."

"ಹೌದು, ಉದುರ್ತಿದೆ."

ಅಲ್ಲೇ ಕುಸಿದು ಕೂತ. ನೆಲದ ಕೂದಲು ನೋಡ್ತಾ ಹೇಳಿದ, "ಅಲ್ಲಿ ದಿನಾ ಬೆಳಗ್ಗೆ ಅದೇ ಯೋಚನೆ. ಅಣ್ಣಯ್ಯ ಅವಳನ್ನ ಮುಟ್ಟೋದೇ ಇಲ್ಲ. ಅವಳ ಮೈ ಮಂಕಾಗಿರುತ್ತೆ. ನನ್ನ ಕಥೆ ಮುಗೀತು ಅಂತ."

ನಾನು ಉಜ್ಜೋದು ನಿಲ್ಲಿಸಲಿಲ್ಲ. "ಇದು ಬೇಸಿಗೆ ಕೂದಲು ಕಣೋ. ಹಳೇದು ಜಾಗ ಬಿಡದೆ ಹೊಸದು ಎಲ್ಲಿಂದ ಬರ್ಬೇಕು? ಬಾ ಇಲ್ಲಿ, ಒರೆಸಿ ಆಯ್ತು, ಇನ್ನು ಬರೀ ಕೈಯಲ್ಲಿ ಉಜ್ಜಬೇಕು. ನೀನು ಉಜ್ಜು."

ಟವಲ್ ಇನ್ನೂ ಬಿಗಿ ಮಾಡಿಕೊಂಡ. "ಏನಿದೆ ಅಂತ ಉಜ್ಜಲಿ? ಬೆರಳೆಲ್ಲಿದೆ?"

"ಬೆರಳು ಯಾರು ಕೇಳಿದ್ರು? ಮಿಂಚು ಬರೋದು ಅಂಗೈಯಿಂದ. ಅಂಗೈ ಇದೆಯಲ್ಲ" ಅಂತ ಗದರಿದೆ. ಟವಲ್ ಕಿತ್ತು, ಮಣಿಕಟ್ಟು ಹಿಡಿದು, ಅಂಗೈಯನ್ನ ರೋಜಿಯ ಬೆನ್ನ ಮೇಲೆ ಇಟ್ಟೆ. ಎಳೆದುಕೊಂಡ. ಸ್ವಲ್ಪ ಹೊತ್ತು ಬಿಟ್ಟು ತಾನೇ ಇಟ್ಟ. ಮತ್ತೆ ಎಳೆದುಕೊಂಡ. ನಾನು ಎಣಿಸ್ತಾ ಕೂತೆ. ಐದನೇ ಸಲ ಎಳೆದುಕೊಳ್ಳಲಿಲ್ಲ. ರೋಜಿ ಕಣ್ಣು ಮುಚ್ಚಿದಳು.

ಅಮ್ಮ ಹೊಸಲಲ್ಲಿ ನಿಂತಿದ್ದಳು. ಯಾವಾಗ ಬಂದಳೋ. ಅವನ ಕೈಯನ್ನ ಮೊದಲ ಸಲ ನೋಡ್ತಿದ್ದಳು. ಸೆರಗಿಂದ ಮೂಗು ಒರೆಸಿಕೊಂಡು, "ಕೂದಲು ಅಡಿಗ್ಮನೆ ಕಡೆ ಹಾರದ ಹಾಗೆ ಉಜ್ಕೊಳ್ರೋ" ಅಂದಳು. ಒಳಗೆ ಹೋದವಳು ಮತ್ತೆ ವಾಪಸ್ ಬಂದು ಜಯರಾಮನ ಬಡಕಲು ಮೈ ನೋಡಿದಳು.

"ವೆಂಕಟೇಶ, ನಾಳೆ ಗುಬ್ಬಿಯಿಂದ ಬರ್ತಾ ಮೊಟ್ಟೆ ಎರಡು ಜಾಸ್ತಿ ತಾ. ಯಾರಿಗೆ ಅಂತ ನಾನು ಕೇಳಲ್ಲ."